ಅಡುಗೆಮನೆಯಲ್ಲಿ ಪಾಸಾದ ಮದರ್‌ಬೋರ್ಡು

ಕಂಪ್ಯೂಟರಿನ ಮದರ್‌ಬೋರ್ಡನ್ನು ರೊಟ್ಟಿ ಹಂಚಿನ ಪಕ್ಕದಲ್ಲಿಟ್ಟು ಪರೀಕ್ಷೆ ಮಾಡುವವರನ್ನು ನೀವು ಕಂಡಿದ್ದೀರೋ ಇಲ್ಲವೋ, ನಾನಂತೂ ಕಂಡಿದ್ದೇನೆ. ರಾಯಚೂರಿನ ತೀನ್ ಕಂದೀಲು ಚೌಕದಿಂದ ಸ್ವಲ್ಪ ಒಳಗೆ, ಬಟ್ಟೆ ಅಂಗಡಿಗಳ ಓಣಿಯಲ್ಲಿ ಅವರ ಕಂಪ್ಯೂಟರ್ ಅಂಗಡಿಯಿತ್ತು. ಅಂಗಡಿಯ ಹಿಂದೆ ಒಂದು ಪರದೆ, ಪರದೆಯ ಹಿಂದೆ ಮನೆ. ಫಲಕದ ಮೇಲಿದ್ದದ್ದು ತೀರಿಹೋದ ಗಂಡನ ಹೆಸರು. ಊರವರೆಲ್ಲ ಅವರನ್ನು ಆಪಾ, ಅಂದರೆ ಅಕ್ಕ, ಅನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ. ಅವರ ಸ್ವಂತ ಹೆಸರೇನು ಎಂದು ಕೇಳಬೇಕೆಂದು ನನಗೆ ಒಮ್ಮೆಯೂ ಹೊಳೆಯಲಿಲ್ಲ. ಈ ಬೇಸಿಗೆಯಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗಲೂ "ಆಪಾ ಹೋದ್ರಂತ" ಎಂದೇ ಬಂತು.

ನಾನು ಮಾನ್ವಿಯ ಭತ್ತದ ವ್ಯಾಪಾರಿಗಳ ಸಂಘವೊಂದರ ಕಚೇರಿಯಲ್ಲಿ ಗುಮಾಸ್ತ. ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ಕಂಪ್ಯೂಟರುಗಳು ಒಂದೊಂದಾಗಿ ಕೈಕೊಟ್ಟಾಗ ಕಾರ್ಯದರ್ಶಿ ಸಾವ್ಕಾರರು ಹೊಸವನ್ನು ತರಲು ನನ್ನನ್ನು ರಾಯಚೂರಿಗೆ ಕಳಿಸಿದರು. ಸಾವ್ಕಾರರ ಅಳಿಯ ಒಂದು ಚೀಟಿಯಲ್ಲಿ ಏನೇನು ಬೇಕೆಂದು ಬರೆದುಕೊಟ್ಟಿದ್ದ. ಅದರಲ್ಲಿ ಗ್ರಾಫಿಕ್ಸ್ ಕಾರ್ಡ್ ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದ. ಆಪಾ ಚೀಟಿ ಓದಿ ಕನ್ನಡಕವನ್ನು ಹಣೆಯ ಮೇಲೇರಿಸಿ ನನ್ನನ್ನು ನೋಡಿದರು.

"ಕಚೇರ್ಯಾಗ ಗೇಮ್ ಆಡ್ತೀರೇನ್ರಿ?"

"ಇಲ್ರಿ."

"ಸಿನಿಮಾ ತೆಗೀತೀರೇನು?"

"ಇಲ್ರಿ ಆಪಾ, ಭತ್ತದ ತೂಕ ಬರಕೋತೀವಿ. ಆಗೀಗ ಒಂದು ಪತ್ರ ಟೈಪ್ ಮಾಡ್ತೀವಿ."

"ಹಂಗಿದ್ರ ಈ ಕಾರ್ಡು ಯಾರಿಗ್ರಿ, ಭತ್ತಕ್ಕೇನು?" ಎಂದು ಚೀಟಿಯನ್ನು ಮಡಚಿ ನನ್ನ ಅಂಗಿಯ ಜೇಬಿಗೇ ತುರುಕಿದರು. ಅವರು ಮಾತಾಡುತ್ತಿದ್ದುದು ದೇವದುರ್ಗದ ಕನ್ನಡ. ಅವರ ತವರು ಅದೇ. ಮನೆಯವರೊಂದಿಗೆ ದಖನಿ ಉರ್ದು, ಗಿರಾಕಿಗಳ ಜೊತೆ ಕನ್ನಡ, ಸ್ಕ್ರೂ ಕೈಗೆ ಸಿಗದಿದ್ದರೆ ತೆಲುಗಿನಲ್ಲಿ ಬೈಗುಳ. ಅದು ಯಾಕೆ ತೆಲುಗಿನಲ್ಲೇ ಎಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಆಮೇಲೆ ನನಗೊಂದು ಪಾಠವಾಯಿತು. ಕಾರ್ಡ್ ಇಲ್ಲದೆಯೂ ಪರದೆಯ ಮೇಲೆ ಚಿತ್ರ ಬರುತ್ತದೆ. ಅದಕ್ಕೆ ಬೇಕಾದ ಗ್ರಾಫಿಕ್ಸು ಈಗ ಪ್ರೊಸೆಸರಿನ ಒಳಗೇ ಕೂತಿರುತ್ತದೆ. ಕಡಿಮೆ ಬೆಲೆಯ ಮದರ್‌ಬೋರ್ಡಿನಲ್ಲಿ ಅದು ಸರಿಯಾಗಿ ಕೆಲಸ ಮಾಡಬೇಕಾದರೆ ಮೆಮೊರಿ ಕಡ್ಡಿ ಎರಡಿರಬೇಕು, ದೊಡ್ಡದೊಂದನ್ನು ಹಾಕುವುದಕ್ಕಿಂತ ಸಣ್ಣವೆರಡನ್ನು ಹಾಕುವುದು ಮೇಲು. "ಒಂದು ಕೈಲೆ ರೊಟ್ಟಿ ಬಡೀತೀರೇನ್ರಿ? ಎರಡು ಕೈ ಬೇಕಲ್ಲ? ಇದೂ ಹಂಗ," ಎಂದರು. ನಾನು ಒಂದು ಕೈಯಿಂದಾಗಲಿ ಎರಡು ಕೈಯಿಂದಾಗಲಿ ರೊಟ್ಟಿ ಬಡಿದವನಲ್ಲ. ಆದರೂ ತಲೆಯಾಡಿಸಿದೆ.

"ಸಸ್ತಾ ಬೋರ್ಡು ತಡೀತದೇನ್ರಿ ಆಪಾ?" ಎಂದು ಅನುಮಾನದಿಂದ ಕೇಳಿದ್ದಕ್ಕೆ "ಬರ್ರಿ" ಎಂದು ಪರದೆ ಸರಿಸಿ ಒಳಗೆ ಕರೆದುಕೊಂಡು ಹೋದರು. ಅಲ್ಲಿ ನಾನು ಕಂಡದ್ದನ್ನು ಹೇಳುವುದಕ್ಕೇ ಇಷ್ಟೆಲ್ಲ ಪೀಠಿಕೆ.

ಶಹಾಬಾದಿ ಕಲ್ಲಿನ ಕಟ್ಟೆ. ಒಂದು ಕಡೆ ಒಲೆಯ ಮೇಲೆ ಹಂಚು ಕಾಯುತ್ತಿದೆ. ಮಾರುದ್ದ ಈಚೆಗೆ ಬಾಗಿಲಿಲ್ಲದ ಕಂಪ್ಯೂಟರ್ ಡಬ್ಬಿ, ಒಳಗೆ ಹೊಸ ಮದರ್‌ಬೋರ್ಡು, ಅದರ ಸಣ್ಣ ಫ್ಯಾನು ಗಿರ್ರೆನ್ನುತ್ತಿದೆ. ಪಕ್ಕದ ಮಾನಿಟರಿನ ಪರದೆಯ ಅರ್ಧದಲ್ಲಿ ಅಂಕಿಗಳ ದೊಡ್ಡ ಕೋಷ್ಟಕ ತಾನಾಗಿ ಮೇಲೆ ಕೆಳಗೆ ಓಡುತ್ತಿದೆ. ಇನ್ನರ್ಧದಲ್ಲಿ ಯಾರೋ ಬಗಾರ ಅನ್ನ ಮಾಡುವ ವಿಡಿಯೊ. ಮುಂದೆ ಮಣೆಯ ಮೇಲೆ ಆಪಾ ಅವರ ಅತ್ತೆ ಕೂತು, ಕೈ ರೊಟ್ಟಿಯ ಮೇಲೆ, ಕಣ್ಣು ವಿಡಿಯೊದ ಮೇಲೆ ಇಟ್ಟುಕೊಂಡು ಆ ಅಡುಗೆಯವನನ್ನು ಬೈಯುತ್ತಿದ್ದಾರೆ. ಅವನು ಲವಂಗ ಸರಿಯಾಗಿ ಹುರಿದಿಲ್ಲವಂತೆ.

"ನಿಮ್ಮ ಕಚೇರಿ ಬ್ಯಾಸಿಗ್ಯಾಗ ಹೆಂಗಿರ್ತದ? ಇದಕ್ಕಿಂತ ತಂಪಿರ್ತದೇನು?" ಎಂದು ಆಪಾ ಕೇಳಿದರು. ಇರುವುದಿಲ್ಲ. ತಂಪು ಕೋಣೆಯಲ್ಲಿಟ್ಟು ಪರೀಕ್ಷಿಸಿದ ಬೋರ್ಡು ನಮ್ಮ ಊರಿನ ಏಪ್ರಿಲ್ಲಿನಲ್ಲಿ ಏನು ಮಾಡುತ್ತದೆಂದು ಯಾರಿಗೂ ಗೊತ್ತಿಲ್ಲ, ಅದಕ್ಕೇ ಅಡುಗೆಮನೆ. ಅತ್ತೆಯ ಕೆಲಸ ಕಾವಲು. ವಿಡಿಯೊ ಎಲ್ಲಾದರೂ ಮುಗ್ಗರಿಸಿದರೆ "ಅಟಕ್ಯಾ!" ಎಂದು, ಅಂದರೆ ನಿಂತುಹೋಯಿತು ಎಂದು, ಕೂಗಬೇಕು. ಎಲ್ಲ ಸರಿಹೋದರೆ ಆಪಾ ಬಂದು ಫ್ಯಾನಿನ ಕೆಳಗಿನ ಲೋಹದ ತುಂಡಿನ ಅಂಚಿಗೆ, ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ ಬೆರಳ ಹಿಂಬದಿ ತಾಗಿಸಿ, "ಬಸ್ ಅಮ್ಮಾ, ಪಾಸ್" ಅನ್ನುವರು. ಆಗ ಮಾತ್ರ ಅತ್ತೆ ಕೈಯೊರೆಸಿಕೊಂಡು ಗುಂಡಿ ಒತ್ತಿ ಬಂದ್ ಮಾಡುವರು. ಆಪಾ ಬಸ್, ಅಂದರೆ ಸಾಕು, ಅನ್ನದೆ ಬಂದ್ ಮಾಡುವ ಹಾಗಿಲ್ಲ. ಅತ್ತೆಯನ್ನು ಬಿಟ್ಟು ಬೇರೆ ಯಾರೂ ಆ ಗುಂಡಿ ಮುಟ್ಟುವ ಹಾಗಿಲ್ಲ. ಈ ಕಾನೂನು ಮಾಡಿದವರು ಅತ್ತೆಯೇ ಇರಬೇಕೆಂದು ನನ್ನ ಗುಮಾನಿ.

ನಮ್ಮ ಕಚೇರಿಗೆ ಬಂದ ಎಲ್ಲ ಬೋರ್ಡುಗಳೂ ಹೀಗೆ ಪಾಸಾದವು. ನಾನು ಅವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಾಗ ಅವುಗಳಿಗೆ ಇನ್ನೂ ಒಗ್ಗರಣೆಯ ವಾಸನೆಯಿತ್ತು.

ಆಪಾ ಅವರಿಗೆ ಜಂಬ ಕಡಿಮೆಯೇನಿರಲಿಲ್ಲ. ದೇವದುರ್ಗದ ಒಬ್ಬ ಮೇಷ್ಟ್ರು ಬೇರೆಲ್ಲೋ ಪ್ರೊಸೆಸರ್ ಕೊಂಡು ತಾವೇ ಜೋಡಿಸಿ, ಪರದೆ ಕಪ್ಪಗೇ ಉಳಿದಾಗ ನಿಂಬೆಹಣ್ಣಿನಿಂದ ದೃಷ್ಟಿ ಇಳಿಸಿ, ಅದಕ್ಕೂ ಬಗ್ಗದಿದ್ದಾಗ ಇವರಲ್ಲಿಗೆ ಬಂದಿದ್ದರಂತೆ. ಅವರು ಕೊಂಡಿದ್ದು ಒಳಗೆ ಗ್ರಾಫಿಕ್ಸೇ ಇಲ್ಲದ ಜಾತಿ. "ಬೋರ್ಡಿನ ಹಿಂದ ತೂತು ಅದ, ವೈರ್ ಸಿಗಿಸ್ಯಾರ. ಒಳಗ ಚಿತ್ರ ಬರಿಯಾಕ ಯಾರೂ ಇಲ್ಲ!" ಎಂದು ಆಪಾ ಈ ಕಥೆಯನ್ನು ನನಗೆ ಹಲವು ಸಲ ಹೇಳಿದರು. ಪ್ರತಿ ಸಲವೂ ನಿಂಬೆಹಣ್ಣುಗಳು ಹೆಚ್ಚಾಗುತ್ತಿದ್ದವು.

ಆದರೆ ಅವರನ್ನು ನಾನು ಇಷ್ಟಪಟ್ಟದ್ದು ಇದಕ್ಕಲ್ಲ. ಗೊತ್ತಿಲ್ಲದ್ದು ಎದುರಿಗೆ ಬಂದಾಗ ಅವರ ಮುಖ ಅರಳುತ್ತಿತ್ತು. "ಹಿಂಗಾ?" ಅನ್ನುವರು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುವರು. ಸಾಮಾನ್ಯವಾಗಿ ನಮಗೆಲ್ಲ ಗೊತ್ತಿಲ್ಲದ್ದು ಬಂದರೆ ಕುರ್ಚಿ ಹಿಂದಕ್ಕೆ ಹೋಗುತ್ತದೆ.

ಮುಂದಿನ ವರ್ಷ ಭತ್ತದ ಸುಗ್ಗಿಯಲ್ಲಿ ನಮ್ಮ ಕಚೇರಿಯಲ್ಲಿ ರೇಣುಕಾಳ ಗಲಾಟೆ ಶುರುವಾಯಿತು. ರೇಣುಕಾ ನಮ್ಮ ಆಪರೇಟರ್, ದೇವದುರ್ಗ ತಾಲ್ಲೂಕಿನ ಮಸರಕಲ್ಲಿನ ಕುರಿ ಸಾಕುವ ಮನೆಯ ಹುಡುಗಿ. ಆ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ದುಡಿದವರಲ್ಲಿ ಇವಳೇ ಮೊದಲಿಗಳು. ಮಾನ್ವಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಬೆಳಿಗ್ಗೆ ಬೇಗ ಎದ್ದು ಡಿಗ್ರಿ ಪರೀಕ್ಷೆಗೆ ಓದಿಕೊಂಡು ಕೆಲಸಕ್ಕೆ ಬರುತ್ತಿದ್ದಳು. ಕೆಲಸ ಖಾಯಂ ಅಲ್ಲ, ಸಾವ್ಕಾರರು ಇರು ಅಂದಷ್ಟು ದಿನ. ಅದು ಹೋದರೆ ಕೋಣೆಯೂ ಹೋಗುತ್ತದೆ, ಓದೂ ಹೋಗುತ್ತದೆ.

ಅವಳ ಮೇಲಿನ ದೂರು ಇಷ್ಟೇ: ಬೆಳಿಗ್ಗೆ ಚುರುಕು, ಹೊತ್ತೇರಿದಂತೆ ಮಂದ. ತೂಕದ ಚೀಟಿ ಹಿಡಿದು ನಿಂತ ರೈತರ ಸಾಲು ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲು ದಾಟಿ ರಸ್ತೆಗಿಳಿಯುತ್ತಿತ್ತು. ರೇಣುಕಾ ಕೇಳಿದರೆ "ಮಷೀನ್ ಎಳೀತದ ಸರ್" ಅನ್ನುವಳು. ಸಾವ್ಕಾರರು ಒಪ್ಪುತ್ತಿರಲಿಲ್ಲ. ಅವರ ಕೋಣೆಯಲ್ಲಿದ್ದದ್ದೂ ಅದೇ ಬೋರ್ಡು, ಅದೇ ಪ್ರೊಸೆಸರು. ಅದು ದಿನವಿಡೀ ಕುದುರೆಯಂತೆ ಓಡುತ್ತಿತ್ತು. ಕೊನೆಗೊಂದು ದಿನ ಎಲ್ಲರೆದುರಿಗೇ ಆಪಾಗೆ ಫೋನ್ ಹಚ್ಚಿ ಧ್ವನಿ ದೊಡ್ಡದು ಮಾಡಿ ಮೇಜಿನ ಮೇಲಿಟ್ಟರು.

"ನನ್ನ ಬೋರ್ಡು ಅಡಿಗಿ ಮನ್ಯಾಗ ಪಾಸ್ ಆಗಿ ಬಂದದ್ರಿ ಸಾವ್ಕಾರ್ರ. ಅದರದೇನೂ ತಪ್ಪಿಲ್ಲ," ಎಂದು ಆಪಾ ತಮ್ಮ ಎಂದಿನ ಜೋರಿನಲ್ಲಿ ಹೇಳಿದರು. "ಮುಂದ ಕುಂತವರನ್ನ ನೋಡ್ಕೋರಿ."

ಸಾವ್ಕಾರರು ಫೋನ್ ಇಟ್ಟರು. "ಕೇಳಿದ್ಯಲ್ಲವಾ? ಈ ತಿಂಗಳು ಮುಗೀಲಿ. ಆಮ್ಯಾಲೆ ಬ್ಯಾರೆಯವರನ್ನ ನೋಡ್ತೀವಿ," ಎಂದು ಒಳಗೆ ಹೋದರು. ರೇಣುಕಾ ಸಾಲಿನಲ್ಲಿದ್ದವನ ಚೀಟಿ ಇಸಿದುಕೊಂಡು ಮತ್ತೆ ಟೈಪ್ ಮಾಡತೊಡಗಿದಳು. ಅವಳ ಕಿವಿಗಳು ಕೆಂಪಾಗಿದ್ದವು.

ಸಂಜೆ ನಾನು ಬಸ್ ನಿಲ್ದಾಣದಿಂದ ಆಪಾಗೆ ಫೋನ್ ಮಾಡಿದೆ. ನನಗೆ ಸಿಟ್ಟು ಬಂದಿತ್ತು, ಅದನ್ನು ಮುಚ್ಚಿಡಲೂ ಇಲ್ಲ. "ನೀವು ಅಂದ ಒಂದು ಮಾತಿಗೆ ಆ ಹುಡುಗಿ ಕೆಲಸ ಹೋಗಾಕತ್ತದ್ರಿ ಆಪಾ."

ಆ ಕಡೆ ಹಂಚು ಕೆಳಗಿಳಿಸಿದ ಸದ್ದಾಯಿತು. ಆಮೇಲೆ, "ಬೆಳಿಗ್ಗಿ ಹೆಂಗ ನಡೀತದ್ರಿ ಅದು?"

"ಬೆಳಿಗ್ಗಿ ಚಲೋ ನಡೀತದ. ಬಿಸಲು ಏರಿದಂಗ ಎಳಿಯಾಕ ಹತ್ತದ."

"ಸಾವ್ಕಾರ್ರ ಮಷೀನು?"

"ಅದಕ್ಕೇನೂ ಆಗಿಲ್ರಿ. ಅದೇ ಬೋರ್ಡು."

"ಹಿಂಗಾ?" ಎಂದರು ಆಪಾ. ಕುರ್ಚಿ ಎಳೆದ ಸದ್ದು ಫೋನಿನಲ್ಲೇ ಕೇಳಿಸಿತು.

ಮರುದಿನ ಮೊದಲ ಬಸ್ಸಿಗೇ ಬಂದಿಳಿದರು. ಕೈಯಲ್ಲಿ ಊಟದ ಡಬ್ಬಿ ಬಿಟ್ಟರೆ ಬೇರೇನೂ ಇಲ್ಲ, ಸ್ಕ್ರೂ ಡ್ರೈವರ್ ಕೂಡ ಇಲ್ಲ. "ರಿಪೇರಿಗಲ್ಲ, ನೋಡಾಕ ಬಂದೀನಿ" ಎಂದು ರೇಣುಕಾಳ ಪಕ್ಕದಲ್ಲಿ ಒಂದು ಸ್ಟೂಲು ಹಾಕಿಸಿಕೊಂಡು ಕೂತುಬಿಟ್ಟರು. ರೇಣುಕಾಳಿಗೆ ಇವರ ಮೇಲೆ ಪ್ರೀತಿ ಇರಲು ಕಾರಣವಿರಲಿಲ್ಲ. ಆದರೂ ಚಹಾ ತರಿಸಿಕೊಟ್ಟಳು.

ಈಗ ನಮ್ಮ ಹನುಮವ್ವನ ಬಗ್ಗೆ ಹೇಳಬೇಕು. ಕಸ ಗುಡಿಸಿ ನೀರಿಡುವ ವಯಸ್ಸಾದ ಹೆಂಗಸು, ರೇಣುಕಾಳನ್ನು ಮಗಳೆಂದೇ ತಿಳಿದವಳು. ರೇಣುಕಾಳ ಮೇಜಿರುವುದು ಕಿಟಕಿಯ ಹತ್ತಿರ, ಕಿಟಕಿಯಾಚೆ ಅಕ್ಕಿ ಗಿರಣಿ. ಸುಗ್ಗಿಯಲ್ಲಿ ಹೊಟ್ಟಿನ ಧೂಳು ಹಾರಿ ಬಂದು ಎಲ್ಲದರ ಮೇಲೂ ಕೂರುತ್ತದೆ. ಹುಡುಗಿಯ ಮಷೀನು ಕೆಡಬಾರದೆಂದು ಹನುಮವ್ವ ತನ್ನ ಹಳೆಯ ಸೀರೆಗಳು, ರೇಣುಕಾಳ ಒಂದು ಹರಿದ ಓಢಣಿ ಎಲ್ಲ ಸೇರಿಸಿ ಕಂಪ್ಯೂಟರ್ ಡಬ್ಬಿಗೆ ಅಳತೆ ಹಿಡಿದು ಒಂದು ಕೌದಿ ಹೊಲಿದಿದ್ದಳು. ನಮ್ಮ ಕಡೆ ಹೊಸ ಕೂಸಿಗೆ ಹೊಲಿದು ಹೊದಿಸುವಂಥದ್ದೇ ಪದರಪದರದ ದಪ್ಪ ಕೌದಿ. ಮುಂದೆ ಗುಂಡಿ ಒತ್ತಲು ಒಂದು ಚೌಕ, ಹಿಂದೆ ವೈರುಗಳಿಗೆ ಒಂದು ಸೀಳು, ಮೂಲೆಗಳಲ್ಲಿ ಹೂವು. ದಿನಾ ಬೆಳಿಗ್ಗೆ ಅದನ್ನು ತೆಗೆದು, ಕಿಟಕಿಯಾಚೆ ಝಾಡಿಸಿ, ಮತ್ತೆ ಹೊದಿಸಿ, ಮೂಲೆಗಳನ್ನು ಎಳೆದು ಸರಿಮಾಡಿ, ಕೈಯಿಂದ ಒಮ್ಮೆ ಸವರಿ ಹೋಗುವಳು. ಆ ಹೊತ್ತಿಗೆ ಮಷೀನು ಹಚ್ಚಿ ಆಗಿರುತ್ತಿತ್ತು. ದಿನಾ ನೋಡುವುದನ್ನು ಯಾರೂ ನೋಡುವುದಿಲ್ಲವಲ್ಲ, ನಾವೂ ನೋಡಿರಲಿಲ್ಲ. ಕಚೇರಿಗೆ ಬಂದವರು ಹೊಲಿಗೆ ಚಂದವಿದೆ ಎಂದು ಹೊಗಳಿ ಹೋಗುತ್ತಿದ್ದರು. ಅಂದು ಆಪಾ ಕೂಡ ಮೊದಲು ಮಾಡಿದ್ದು ಅದನ್ನೇ. ಹೂವಿನ ಮೂಲೆ ಹಿಡಿದು "ಎಷ್ಟು ಚಲೋ ಹೊಲದೀರಿ ಯವ್ವಾ" ಎಂದರು.

ಬಿಸಿಲೇರಿತು. ಪರದೆಯ ಮೇಲೆ ಅಂಕಿ ಒತ್ತಿದರೆ ಅದು ಸ್ವಲ್ಪ ತಡೆದು ಮೂಡತೊಡಗಿತು. ಪುಟ ಸರಿಸಿದರೆ ತುಂಡುತುಂಡಾಗಿ ಸರಿಯಿತು. ಸಾಲು ಬೆಳೆಯಿತು. ಆಪಾ ಪರದೆ ನೋಡಿದರು, ರೇಣುಕಾಳ ಬೆರಳು ನೋಡಿದರು, ಬೆರಳು ಬೆಳಗಿನಷ್ಟೇ ಚುರುಕಾಗಿತ್ತು. ಆಮೇಲೆ ಮೆಲ್ಲಗೆ ಕೌದಿಯ ಕೆಳಗೆ ಕೈ ಹಾಕಿದವರು ಥಟ್ಟನೆ ಹಿಂದಕ್ಕೆಳೆದುಕೊಂಡರು.

"ಯಪ್ಪಾ, ಜ್ವರ ಏರ್ಯದ್ರಿ ಇದಕ್ಕ," ಎಂದರು ಸಣ್ಣ ದನಿಯಲ್ಲಿ.

ನಮಗೆ ಅರ್ಥವಾಯಿತು. ಲೆಕ್ಕ ಮಾಡುವುದೂ ಚಿತ್ರ ಬಿಡಿಸುವುದೂ ಒಂದೇ ಚಿಪ್‌ನ ಕೆಲಸ, ಅದರ ಬಿಸಿಯನ್ನೆಲ್ಲ ಹೊರಹಾಕಬೇಕಾದ್ದು ಒಂದೇ ಸಣ್ಣ ಫ್ಯಾನು, ಆ ಫ್ಯಾನಿನ ಬಾಯಿಗೆ ದಪ್ಪ ಕೌದಿ. ಸುಟ್ಟುಹೋಗಬಾರದೆಂದು ಪ್ರೊಸೆಸರು ತಾನೇ ನಡಿಗೆ ತಗ್ಗಿಸುತ್ತಿತ್ತು. ಅಡುಗೆಮನೆಯಲ್ಲಿ ಬಿಸಿಯಿತ್ತು, ಆದರೆ ಹೊದಿಕೆ ಇರಲಿಲ್ಲ. ಆಪಾ ಕೌದಿ ತೆಗೆಯಲು ಕೈ ಚಾಚಿದರು. ರೇಣುಕಾ ಅವರ ಮಣಿಕಟ್ಟು ಹಿಡಿದುಕೊಂಡಳು.

"ಬ್ಯಾಡ್ರಿ ಆಪಾ. ಯವ್ವ ಕೇಳಿದ್ರ ಭಾಳ ನೊಂದ್ಕೋತಾಳ. ಇದರಿಂದನ ನನ್ನ ಕೆಲಸ ಹೋಗಾಕತ್ತಿತ್ತು ಅಂದ್ರ ಆಕಿ ಊಟನೂ ಮಾಡಂಗಿಲ್ಲ."

ಕೆಲಸ ಕಳೆದುಕೊಳ್ಳುತ್ತಿದ್ದವಳು ಅವಳು. ಆಪಾ ಅವಳನ್ನು ಒಂದು ಗಳಿಗೆ ನೋಡಿದರು. ಆಮೇಲೆ ಎದ್ದು ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಹನುಮವ್ವನ ಹತ್ತಿರ ಹೋಗಿ ನೆಲದ ಮೇಲೇ ಕೂತರು.

"ಯವ್ವಾ, ಆ ಕೌದಿ ನನಗ ಬೇಕ್ರಿ."

"ಅದು ನಮ್ಮ ಹುಡುಗಿ ಮಷೀನಿಂದು. ನಿಮಗ ಹೆಂಗ ಕೊಡ್ಲಿ?"

"ನಾನೂ ಮಷೀನಿಗೇ ಹೊದಸ್ತೀನ್ರಿ. ರಾಯಚೂರಾಗ ನಮ್ಮ ಅಂಗಡ್ಯಾಗ ಎಷ್ಟು ಮಷೀನ್ ಅದಾವ, ಒಂದಕ್ಕೂ ಹಿಂಥಾದ್ದು ಇಲ್ಲ. ಇಲ್ಲ ಅನಬ್ಯಾಡ್ರಿ."

ಹನುಮವ್ವನ ಮುಖ ನೋಡಬೇಕಿತ್ತು. ತಾನೇ ಹೋಗಿ ಕೌದಿ ತೆಗೆದು, ಮಡಚಿ ಆಪಾ ಅವರ ತೊಡೆಯ ಮೇಲಿಟ್ಟಳು. "ಒಯ್ಯಿರಿ ತಾಯಿ. ಈಕಿಗೆ ನಾ ಮತ್ತೊಂದು ಹೊಲಿತೀನಿ, ಇದಕ್ಕಿಂತ ದಪ್ಪಂದು."

ಆಪಾ ನನ್ನ ಕಡೆ ತಿರುಗಿದರು. ಅವರ ಬಾಯಲ್ಲಿ "ಹಿಂಗಾ?" ಎಂದು ಬಂದದ್ದು ಗಾಳಿಯಷ್ಟೇ.

ಅಂದು ಮಧ್ಯಾಹ್ನ ಬರಿಮೈಯ ಮಷೀನು ಸಲೀಸಾಗಿ ಓಡಿತು. ಸಾಲು ಕರಗಿತು. ಆಪಾ ಸಾವ್ಕಾರರನ್ನು ಕೋಣೆಯಿಂದ ಕರೆಸಿ ರೇಣುಕಾಳ ಬೆನ್ನ ಹಿಂದೆ ನಿಲ್ಲಿಸಿ ನೋಡಿಸಿದರು. "ಹುಡುಗಿ ಬೆರಳಿನ್ಯಾಗ ಏನೂ ದೋಷ ಇಲ್ರಿ. ನನ್ನ ಪರೀಕ್ಷಾ ಸುಳ್ಳಾತು. ನಿನ್ನಿ ಫೋನಿನ್ಯಾಗ ನಾ ಅಂದದ್ದು ತಪ್ಪು, ಅದನ್ನ ವಾಪಸ್ ತಗೋತೀನಿ," ಎಂದರು. ಫೋನಿನಲ್ಲಿ ಹೇಳಿದ್ದಷ್ಟೇ ಜೋರಾಗಿ, ಎಲ್ಲರಿಗೂ ಕೇಳುವಂತೆ. ಏನು ತಪ್ಪಾಗಿತ್ತೆಂದು ಸಾವ್ಕಾರರು ಕೇಳಿದ್ದಕ್ಕೆ "ಗಾಳಿ ಕಟ್ಟಿತ್ರಿ" ಎಂದಷ್ಟೇ ಹೇಳಿ ಕೌದಿಯನ್ನು ಸೆರಗಿನೊಳಗೆ ಸರಿಸಿಕೊಂಡರು. ತಿಂಗಳು ಮುಗಿಯಿತು. ಸಾವ್ಕಾರರು ಬೇರೆಯವರನ್ನು ನೋಡುವ ಮಾತೆತ್ತಲಿಲ್ಲ.

ಬಸ್ಸಿಗೆ ಕಾಯುವಾಗ ಆಪಾ ನನ್ನೊಂದಿಗೆ ಮಾತಾಡಿದ್ದು ಕಡಿಮೆ. ಕೌದಿಯ ಪದರಗಳನ್ನು ಬೆರಳಲ್ಲಿ ಎಣಿಸುತ್ತಿದ್ದರು. "ಗಿರಣಿ ಬಂದ್ ಆಗಂಗಿಲ್ಲ, ಯವ್ವ ಹೊಲಿಯೋದು ಬಿಡಂಗಿಲ್ಲ. ಕೌದಿ ಹೊದ್ಕೊಂಡು ಬದುಕೋ ಬೋರ್ಡ ನೋಡಬೇಕಾತಲ್ರಿ," ಎಂದರು. ಕಡಿಮೆ ಕರೆಂಟು ತಿನ್ನುವ ಪ್ರೊಸೆಸರು, ಅದರ ಮೇಲೆ ದೊಡ್ಡ ಲೋಹದ ತುಂಡು, ಹಿಂದಿನ ಸೀಳನ್ನು ನಾಲ್ಕು ಬೆರಳು ಅಗಲ ಮಾಡಲು ಯವ್ವನಿಗೆ ಹೇಗೆ ಹೇಳುವುದು ಇತ್ಯಾದಿ ಯೋಚನೆ ಬಸ್ಸು ಬರುವವರೆಗೂ ನಡೆಯಿತು.

ಮುಂದಿನ ಸಲ ನಾನು ಹೋದಾಗ ಅವರ ಅಡುಗೆಮನೆಯ ಕಟ್ಟೆಯ ಮೇಲೆ ಡಬ್ಬಿಗೆ ಹನುಮವ್ವನ ಕೌದಿ ಹೊದಿಸಿತ್ತು. ಅತ್ತೆ ಗೊಣಗುತ್ತಿದ್ದರು. ಈ ಸೆಕೆಯಲ್ಲಿ ಕೌದಿ ಯಾರಿಗೆ ಬೇಕು, ಸೊಸೆಗೆ ತಲೆ ಕೆಟ್ಟಿದೆಯೆಂದು. ಅಂದಿನಿಂದ ಆ ಕೌದಿಯೊಳಗೆ ವಿಡಿಯೊ ಮುಗ್ಗರಿಸದೆ ಓಡಿದ ಬೋರ್ಡುಗಳನ್ನು ಮಾತ್ರ ಆಪಾ ಕಚೇರಿಗಳಿಗೆ ಕೊಟ್ಟರು. ಅನೇಕ ಸಸ್ತಾ ಬೋರ್ಡುಗಳು ಫೇಲಾದವು. ರೇಣುಕಾಳ ಮಷೀನಿಗೂ ಅಂಥದ್ದೊಂದು ಬಂತು. ಅದರ ಮೇಲೆ ಹನುಮವ್ವನ ಎರಡನೆಯ ಕೌದಿ ಬಂತು, ಹಿಂದೆ ಅಗಲವಾದ ಸೀಳಿನೊಂದಿಗೆ. ಅದು ಇವತ್ತಿಗೂ ಇದೆ.

ರೇಣುಕಾ ಡಿಗ್ರಿ ಮುಗಿಸಿದಳು. ಈಗ ಕಚೇರಿಯ ಖರೀದಿಯೆಲ್ಲ ಅವಳ ಕೈಯಲ್ಲಿ. ಆಪಾ ತೀರಿಕೊಂಡ ಸುದ್ದಿ ತಂದವಳೂ ಅವಳೇ. ನಲವತ್ತನೆಯ ದಿನದ ಚಾಳೀಸ್ವಿ ಮುಗಿದ ಮೇಲೆ ಇಬ್ಬರೂ ರಾಯಚೂರಿಗೆ ಹೋದೆವು.

ಅಂಗಡಿಯಲ್ಲಿ ಆಪಾ ಅವರ ಮಗಳು ಕೂತಿದ್ದಳು. ಪರದೆಯ ಹಿಂದಿನಿಂದ ಬಗಾರ ಅನ್ನದ ವಿಡಿಯೊದ ದನಿ ಕೇಳುತ್ತಿತ್ತು. "ಅಮ್ಮಿ ದವಾಖಾನಿಗೆ ಹೋಗೋ ದಿನ ಒಂದು ಬೋರ್ಡ್ ಪರೀಕ್ಷಾಕ್ಕ ಇಟ್ಟು ಹೋಗಿದ್ರು," ಎಂದಳು ಮಗಳು. "ದಾದಿಮಾ ಬಂದ್ ಮಾಡಕೊಡಂಗಿಲ್ಲ. ಕರೆಂಟ್ ಹೋದ್ರ ಮತ್ತ ಹಚ್ಚಸ್ತಾರ." ದಾದಿಮಾ ಅಂದರೆ ಅವಳ ಅಜ್ಜಿ, ಆಪಾ ಅವರ ಅತ್ತೆ.

ಒಳಗೆ ಹೋದೆವು. ಕಟ್ಟೆಯ ಮೇಲೆ ಕೌದಿ ಹೊದ್ದ ಡಬ್ಬಿ ಗಿರ್ರೆನ್ನುತ್ತಿತ್ತು. ಮುದುಕಿ ಅದೇ ಮಣೆಯ ಮೇಲೆ, ಮುಂದೆ ಹಿಟ್ಟಿಲ್ಲದೆ ಕೂತಿದ್ದರು. ಈಗ ಅಡುಗೆಯವನನ್ನು ಬೈಯುತ್ತಿರಲಿಲ್ಲ. ನಾನು ಏನೋ ಸಮಾಧಾನದ ಮಾತು ಹೇಳಹೋದೆ. ಅವರು ಡಬ್ಬಿಯ ಕಡೆ ಕೈ ತೋರಿಸಿದರು.

"ಬಸ್ ನೈ ಬೋಲೀ ಉನೆ," ಎಂದರು. ಅವಳು ಬಸ್ ಅನ್ನಲಿಲ್ಲ.

ರೇಣುಕಾ ಮುಂದೆ ಹೋಗಿ ಸ್ಟೂಲು ಎಳೆದುಕೊಂಡು ಕೂತಳು. ಪರದೆಯ ಮೇಲಿನ ಕೋಷ್ಟಕವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓಡಿಸಿದಳು. ವಿಡಿಯೊವನ್ನು ಹಿಗ್ಗಿಸಿದಳು, ಕುಗ್ಗಿಸಿದಳು. ಅವಸರ ಮಾಡಲಿಲ್ಲ.

"ಅಟಕ್ಯಾ?" ಎಂದು ಮುದುಕಿ ಕೇಳಿದರು.

"ಇಲ್ರಿ ಅಮ್ಮಾ, ಎಲ್ಲೂ ಇಲ್ಲ." ರೇಣುಕಾ ಕೌದಿಯ ಸೀಳಿನಿಂದ ಕೈ ಒಳಗೆ ತೂರಿಸಿ, ಬೆರಳ ಹಿಂಬದಿಯನ್ನು ಸ್ವಲ್ಪ ಹೊತ್ತು ಅಲ್ಲೇ ಇಟ್ಟುಕೊಂಡಳು. "ಜ್ವರನೂ ಇಲ್ಲ. ಇದನ್ನ ನಾವು ಮಾನ್ವಿಗೆ ಒಯ್ತೀವ್ರಿ." ಕೈ ಹೊರತೆಗೆದು ಮುದುಕಿಯ ಕಡೆ ತಿರುಗಿದಳು. "ಬಸ್ ಅಮ್ಮಾ. ಪಾಸ್."

ಮುದುಕಿ ಅವಳ ಮುಖವನ್ನೇ ನೋಡಿದರು. ಆಮೇಲೆ ಒಣ ಕೈಯನ್ನೇ ಸೆರಗಿಗೆ ಒರೆಸಿಕೊಂಡು, ಬಾಗಿ ಗುಂಡಿ ಒತ್ತಿದರು. ಫ್ಯಾನಿನ ಸದ್ದು ಇಳಿದು ನಿಂತಿತು. ಕೌದಿಯನ್ನು ತಾವೇ ತೆಗೆದು ಮಡಚಿ ರೇಣುಕಾಳ ಕೈಗೆ ಕೊಡಲು ಹೋದವರು, ಏನೋ ನೆನೆದು ಅದನ್ನು ಮತ್ತೆ ಕಟ್ಟೆಯ ಮೇಲೆಯೇ ಇಟ್ಟುಕೊಂಡರು.

"ಮುಂದಿನ ಬೋರ್ಡ್ ಪಾಸ್ ಮಾಡಾಕ ಯಾವಾಗ ಬರ್ತಿ?" ಎಂದು ಕೇಳಿದರು.